ಬಿಚ್ಚಿ ನೋಡದ ನಲ್ಲಿ

ಯುಗಾದಿಗೆ ಮುಂಚೆ ಮನೆಯ ಧೂಳು ಹೊಡೆಯುವಾಗ ಅಟ್ಟದಿಂದ ಒಂದು ಬಿಳಿ ಬಕೆಟ್ ಇಳಿಯಿತು. ದಪ್ಪ ಪ್ಲಾಸ್ಟಿಕ್‌ನದು, 25 ಲೀಟರ್ ಹಿಡಿಯುತ್ತದೆ, ಮುಚ್ಚಳ ಬಿಗಿಯಾಗಿ ಕೂರುತ್ತದೆ. ತಳದಿಂದ ಎರಡು ಬೆರಳು ಮೇಲೆ ಒಂದು ಪುಟ್ಟ ನಲ್ಲಿ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿದ್ದ ಮೂರು ವರ್ಷ ನಾನೂ ನನ್ನ ರೂಮ್‌ಮೇಟೂ ಇದರಲ್ಲೇ ಬಿಯರ್ ಮಾಡುತ್ತಿದ್ದೆವು. 1978ರಲ್ಲಿ ಕಾನೂನು ಬದಲಾದ ಮೇಲೆ ಅಲ್ಲಿ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ನಮ್ಮಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಮಾಡುವ ಹಾಗಿಲ್ಲ. ಆದರೂ ಬಿಟ್ಟು ಬರಲು ಮನಸ್ಸಾಗದೆ, ಒಳಗೆ ಸ್ವೆಟರ್, ಪುಸ್ತಕ ತುರುಕಿ ಸರಸ್ವತಿಪುರಂನ ಮನೆಗೆ ತಂದಿದ್ದೆ. ಬಂದ ವಾರವೇ ಅಟ್ಟ ಸೇರಿತು. ಈ ಸಲ ಹೆಂಡತಿಯ ಕಣ್ಣಿಗೆ ಬಿತ್ತು. ಅವಳಿಗೆ ಬಯೋ ಎಂಜೈಮ್ ಮಾಡಲು ಪಾತ್ರೆ ಬೇಕಿತ್ತು. ಅದೇ, ನಿಂಬೆ-ಮೂಸಂಬಿ ಸಿಪ್ಪೆ ಮೂರು ಪಾಲು, ಬೆಲ್ಲ ಒಂದು ಪಾಲು, ನೀರು ಹತ್ತು ಪಾಲು ಹಾಕಿ ಮೂರು ತಿಂಗಳು ಕೊಳೆಸಿ ನೆಲ ಒರೆಸಲು ಬಳಸುತ್ತಾರಲ್ಲ, ಅದು. 'ಇದನ್ನ ತೊಳೆದು ಕೊಡಿ ಸಾಕು' ಅಂದಳು.

ತೊಳೆಯಲು ಕೂತಾಗ ನಲ್ಲಿ ತಿರುಗಲಿಲ್ಲ. ವರ್ಷಗಟ್ಟಲೆ ಒಣಗಿ ಅಂಟಿಕೊಂಡಿತ್ತು. ಬಕೆಟ್‌ನಿಂದ ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಹಾಕಿಟ್ಟೆ. ಆಮೇಲೆ ಮರದ ಸೌಟಿನ ಹಿಡಿಯನ್ನು ಹಿಂದಿನಿಂದ ಇಟ್ಟು ಒತ್ತಿದೆ. ಟಕ್ ಅಂತ ಒಂದು ನಲ್ಲಿ ಎರಡಾಯಿತು. ನನಗೆ ಆ ಕ್ಷಣದವರೆಗೂ ಅದು ಎರಡಾಗುತ್ತದೆ ಅಂತಲೇ ಗೊತ್ತಿರಲಿಲ್ಲ. ಹೊರಗೊಂದು ಕೊಳವೆ, ಅದರೊಳಗೆ ತಿರುಗುವ ಇನ್ನೊಂದು ಕೊಳವೆ. ಒಳಗಿನದರ ಮೈಮೇಲೆ ಬಳೆ ಹಾಕಿದ ಹಾಗೆ ಒಂದು ಕಂದು ಪೊರೆ. ನಡುನಡುವೆ ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಹಸಿರು ಚೂರು. ಉಗುರಿನಲ್ಲಿ ಕೆರೆದರೆ ಹಲಸಿನ ಅಂಟಿನ ಹಾಗೆ ಹಿಡಿಯಿತು. ಬಿಸಿನೀರು ತಾಗಿ ಮೆತ್ತಗಾಗಿತ್ತು. ಮೂಗಿನ ಹತ್ತಿರ ತಂದೆ. ಅಷ್ಟು ವರ್ಷದ ಮೇಲೂ ಒಂದು ಎಳೆ ಹುಳಿ ವಾಸನೆ ಇತ್ತು.

ಬಚ್ಚಲಮನೆಯಲ್ಲಿ ಅದನ್ನು ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದೆ. ಯಾಕೆಂದರೆ ಆ ವಾಸನೆ ನನಗೆ ಗೊತ್ತಿತ್ತು. ಅದಕ್ಕಾಗಿ ನಾನು ಒಬ್ಬನನ್ನು ಬೈದಿದ್ದೆ.

ಐವತ್ತು ಬಾಟಲಿ

ರೂಮ್‌ಮೇಟ್ ಪಾಂಡವಪುರದ ಕಡೆಯವನು. ಅವರ ಮನೆಯದು ಸ್ವಂತ ಆಲೆಮನೆ. ಇಬ್ಬರೂ ಒಂದೇ ಕಂಪನಿಯಲ್ಲಿದ್ದೆವು. ಬಿಯರ್ ಹುಚ್ಚು ಹಚ್ಚಿದ್ದು ನಾನು. ಆದರೆ ಪಾಕದ ಕೈ ಅವನದು. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ನೆನೆಸಿ ಬಸಿದ ಸಿಹಿ ನೀರು ಉಕ್ಕಿ ಬರುವ ಹೊತ್ತು ಅವನಿಗೆ ಮೊದಲೇ ತಿಳಿಯುತ್ತಿತ್ತು. ಉರಿ ತಗ್ಗಿಸಿ, ನೊರೆಯ ಮೇಲೆ ಸೌಟು ಆಡಿಸಿ, 'ಇಷ್ಟೇ ಕಣೋ, ಬೆಲ್ಲದ ಥರಾನೇ' ಅನ್ನುತ್ತಿದ್ದ.

2019ರ ಸಂಕ್ರಾಂತಿಗೆ ಅಲ್ಲಿನ ಕನ್ನಡದವರೆಲ್ಲ ಸೇರುವುದಿತ್ತು. ಅದಕ್ಕೆಂದೇ ಡಿಸೆಂಬರ್‌ನಲ್ಲಿ 19 ಲೀಟರ್ ಗೋಧಿ ಬಿಯರ್ ಮಾಡಿದೆವು. ಬಾಟಲಿಗೆ ತುಂಬುವ ದಿನ ಮೇಲಿನಿಂದ ಒಂದು ಲೋಟ ತೆಗೆದು ರುಚಿ ನೋಡಿದೆವು. ತುಂಬ ಚೆನ್ನಾಗಿತ್ತು. ಬಾಳೆಹಣ್ಣಿನ ಘಮ, ನಾಲಿಗೆಗೆ ಹಗುರ. ನಲ್ಲಿಗೆ ಪೈಪ್ ಸಿಕ್ಕಿಸಿ ಐವತ್ತರ ಹತ್ತಿರ ಬಾಟಲಿ ತುಂಬಿದೆವು. ಮೂರು ವಾರ ಬಿಟ್ಟು ಒಂದನ್ನು ತೆರೆದರೆ ನೊರೆ ಚಿಮ್ಮಿ ಸೀಲಿಂಗ್‌ಗೆ ಬಡಿಯಿತು. ಉಳಿದಿದ್ದನ್ನು ಬಾಯಿಗೆ ಹಾಕಿದರೆ ಬೇಸಿಗೆಯಲ್ಲಿ ಎರಡು ದಿನ ಹೊರಗಿಟ್ಟ ಇಡ್ಲಿ ಹಿಟ್ಟು. ಇನ್ನೊಂದು ತೆರೆದೆ. ಅದೂ ಹಾಗೇ. ಐದನೆಯದೂ, ಹತ್ತನೆಯದೂ ಹಾಗೇ. ಪೆಟ್ಟಿಗೆಗಳನ್ನು ಬಚ್ಚಲಿಗೆ ಸಾಗಿಸಿ, ಟವೆಲ್ ಸುತ್ತಿ ಒಂದೊಂದೇ ಬಾಟಲಿ ತೆರೆದು ಸುರಿದೆವು. ಒಳಗೆ ಅಷ್ಟು ಒತ್ತಡ ಇದ್ದರೆ ಗಾಜು ಸಿಡಿಯುವ ಭಯ ಇರುತ್ತದೆ, ಹಾಗೇ ಬಿಡುವಂತಿಲ್ಲ.

ಎಲ್ಲ ಬಾಟಲಿಯೂ ಒಂದೇ ಥರ ಕೆಟ್ಟಿದ್ದರೆ ತಪ್ಪು ಬಾಟಲಿಯದಲ್ಲ. ಎಲ್ಲಕ್ಕೂ ಸಾಮಾನ್ಯವಾದ ದಾರಿಯಲ್ಲೇ ಏನೋ ಆಗಿದೆ. ಅಷ್ಟು ನನಗೆ ಹೊಳೆಯಿತು. ಲೋಟದಲ್ಲಿ ತೆಗೆದಾಗ ಚೆನ್ನಾಗಿದ್ದ ಬಿಯರ್ ಬಾಟಲಿಗೆ ಹೋಗುವಷ್ಟರಲ್ಲಿ ಕೆಟ್ಟಿದೆ. ನಡುವೆ ಇದ್ದದ್ದು ನಲ್ಲಿ ಮತ್ತು ಪೈಪ್. ನಲ್ಲಿ ತೊಳೆದದ್ದು ನಾನು. ಪೈಪ್ ತೊಳೆದದ್ದು ಅವನು. ನಾನು ಒಂದು ನಿಮಿಷವೂ ಯೋಚನೆ ಮಾಡಲಿಲ್ಲ. 'ನೀನು ಪೈಪ್ ಸರಿಯಾಗಿ ತೊಳೆದಿಲ್ಲ. ಇದೇನು ನಿಮ್ಮ ಆಲೆಮನೆ ಅಂದುಕೊಂಡಿದ್ದೀಯಾ?' ಅಂದುಬಿಟ್ಟೆ.

ಅವನು ತಿರುಗಿ ಮಾತಾಡಲಿಲ್ಲ. ಖಾಲಿ ಬಾಟಲಿಗಳನ್ನು ಒಂದೊಂದಾಗಿ ತೊಳೆದು ಬೋರಲು ಹಾಕುತ್ತಾ ಹೋದ. ಆಮೇಲೆ ನಾವಿಬ್ಬರೂ ಸೇರಿ ಬಿಯರ್ ಮಾಡಲಿಲ್ಲ. ಜಗಳ ಅಂತೇನೂ ಇರಲಿಲ್ಲ. ಕರೆದಾಗಲೆಲ್ಲ 'ಇವತ್ತು ಕೆಲಸ ಇದೆ' ಅನ್ನುತ್ತಿದ್ದ, ಅಷ್ಟೇ. ಆ ವರ್ಷದ ಕೊನೆಗೆ ನಾನು ಮೈಸೂರಿಗೆ ಬಂದೆ. ಎರಡು ವರ್ಷ ಬಿಟ್ಟು ಅವನೂ ಊರಿಗೆ ಬಂದು ಆಲೆಮನೆ ನೋಡಿಕೊಳ್ಳಲು ನಿಂತ. ನಲವತ್ತು ಕಿಲೋಮೀಟರ್ ಒಳಗೇ ಇದ್ದೇವೆ. ಹಬ್ಬಕ್ಕೆ ಮೆಸೇಜ್ ಕಳಿಸುವುದು ಬಿಟ್ಟರೆ ಮಾತಿರಲಿಲ್ಲ.

ತೊಳೆದದ್ದೆಲ್ಲ ಶುದ್ಧ ಅಲ್ಲ

ಮನೆಯಲ್ಲಿ ಬಿಯರ್ ಮಾಡುವವರು ಮೊದಲು ಕಲಿಯುವ ಪಾಠ ಒಂದಿದೆ. ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ. ತೊಳೆದರೆ ಕಣ್ಣಿಗೆ ಕಾಣುವ, ಕೈಗೆ ಹತ್ತುವ ಕೊಳೆ ಹೋಗುತ್ತದೆ. ಸ್ಯಾನಿಟೈಸ್ ಮಾಡಿದರೆ ಉಳಿದ ಸೂಕ್ಷ್ಮಜೀವಿಗಳ ಸಂಖ್ಯೆ, ಸಿಹಿ ನೀರನ್ನು ಬಿಯರ್ ಮಾಡುವ ಯೀಸ್ಟ್‌ಗೆ ಪೈಪೋಟಿ ಕೊಡಲಾರದಷ್ಟು ಇಳಿಯುತ್ತದೆ. ಒಂದೂ ಉಳಿಯಬಾರದು ಅಂದರೆ ಅದು ಮೂರನೆಯ ಮಾತು. ಅದಕ್ಕೆ ಪ್ರೆಷರ್‌ನಲ್ಲಿ 121 ಡಿಗ್ರಿ ಬಿಸಿ ಬೇಕು, ಆಸ್ಪತ್ರೆಯಲ್ಲಿ ಕತ್ತರಿ-ಚಾಕುಗಳಿಗೆ ಮಾಡುವ ಹಾಗೆ. ಬಿಯರ್‌ಗೆ ಅದು ಬೇಕಿಲ್ಲ. ಇನ್ನೊಂದು ಲೆಕ್ಕವೂ ಇದೆ. ಸಿಹಿ ನೀರನ್ನು ಹೇಗೂ ಒಂದು ಗಂಟೆ ಕುದಿಸುತ್ತೇವಲ್ಲ, ಅದಕ್ಕೆ ಮುಂಚೆ ಬಳಸುವ ಪಾತ್ರೆ, ಸೌಟು ಚೆನ್ನಾಗಿ ತೊಳೆದಿದ್ದರೆ ಸಾಕು. ಒಲೆ ಆರಿಸಿ ತಣ್ಣಗಾಗಿಸಿದ ಮೇಲೆ ಅದಕ್ಕೆ ತಾಗುವ ಪ್ರತಿಯೊಂದೂ ಸ್ಯಾನಿಟೈಸ್ ಆಗಿರಬೇಕು. ಯಾಕೆಂದರೆ ಬೆಚ್ಚಗಿನ ಆ ಸಿಹಿ ನೀರಿಗೆ ಯೀಸ್ಟ್ ಒಂದೇ ಗಿರಾಕಿ ಅಲ್ಲ.

ನಾವು ಬಳಸುತ್ತಿದ್ದದ್ದು ಸ್ಟಾರ್ ಸ್ಯಾನ್ ಅನ್ನುವ ದ್ರಾವಣ. ಫಾಸ್ಫಾರಿಕ್ ಆಸಿಡ್ ಮತ್ತು ಸೋಪಿನ ಜಾತಿಯ ಒಂದು ರಾಸಾಯನಿಕ ಸೇರಿಸಿ ಮಾಡಿದ್ದು. ಲೀಟರ್ ನೀರಿಗೆ ಒಂದೂವರೆ ಎಂಎಲ್ ಸಾಕು. ಒಂದೆರಡು ನಿಮಿಷ ಒದ್ದೆಯಾಗಿದ್ದರೆ ಕೆಲಸ ಮುಗಿಯುತ್ತದೆ. ಮತ್ತೆ ತೊಳೆಯುವ ಹಾಗೂ ಇಲ್ಲ, ನೊರೆ ಇದ್ದಂತೆಯೇ ಬಿಯರ್ ಸುರಿಯಬಹುದು. ಇಷ್ಟು ಸುಲಭ ಇದ್ದದ್ದೇ ನನ್ನನ್ನು ಕೆಡಿಸಿತು ಅನ್ನಿಸುತ್ತದೆ. ಪ್ರತಿ ಸಲ ನಲ್ಲಿ ತೆರೆದು ಆ ದ್ರಾವಣವನ್ನು ಒಂದು ಲೀಟರ್ ಹರಿಸುತ್ತಿದ್ದೆ. ನೊರೆ ನೊರೆಯಾಗಿ ಹೊರಗೆ ಬರುತ್ತಿತ್ತು. ಅದನ್ನು ನೋಡಿದರೆ ಒಳಗೆಲ್ಲ ಫಳಫಳ ಅನ್ನುವ ಧೈರ್ಯ. ಈಗ ನಲ್ಲಿ ಬಿಚ್ಚಿದ ಮೇಲೆ ಗೊತ್ತಾಯಿತು. ದ್ರಾವಣ ಹರಿದದ್ದು ಒಳಕೊಳವೆಯ ಹೊಟ್ಟೆಯಲ್ಲಿ. ಎರಡು ಕೊಳವೆಗಳ ನಡುವಿನ ಸಂದಿಗೆ ಬಿಯರ್ ಮಾತ್ರ ವಾರಗಟ್ಟಲೆ ಕೂತು ಮೆಲ್ಲಗೆ ಇಳಿದಿದೆ. ಒಂದೆರಡು ನಿಮಿಷದ ದ್ರಾವಣ ಅಲ್ಲಿಗೆ ಹೋಗಿಯೇ ಇಲ್ಲ.

ಹೋಗಿದ್ದರೂ ಪ್ರಯೋಜನ ಆಗುತ್ತಿರಲಿಲ್ಲ. ಬ್ಯಾಕ್ಟೀರಿಯಾ ಒಂದು ಕಡೆ ನೆಲೆ ನಿಂತರೆ ಸುಮ್ನೆ ಇರುವುದಿಲ್ಲ. ತಮ್ಮ ಸುತ್ತ ಲೋಳೆಯ ಗೂಡು ಕಟ್ಟಿಕೊಳ್ಳುತ್ತವೆ. ಮೇಲೆ ಸ್ಯಾನಿಟೈಸರ್ ಸುರಿದರೆ ಹೊರಗಿನ ಪದರ ಸಾಯುತ್ತದೆ, ಒಳಗಿನವು ಬದುಕಿರುತ್ತವೆ. ಹಾಗಾಗಿ ಕೊಳೆಯ ಮೇಲೆ ಸ್ಯಾನಿಟೈಸರ್ ಹಾಕುವುದು ಅಂದರೆ ಸಗಣಿಯ ಮೇಲೆ ಸೆಂಟ್ ಹೊಡೆದ ಹಾಗೆ. ಮೊದಲು ಕೊಳೆ ಕರಗಬೇಕು. ಅದಕ್ಕೆ ಆಸಿಡ್ ಸಾಲದು, ಕ್ಷಾರ ಬೇಕು. ಬಿಸಿನೀರಿಗೆ ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಪುಡಿ ಹಾಕಿ, ಬಿಡಿಭಾಗಗಳನ್ನು ಅರ್ಧ ಗಂಟೆಯಾದರೂ ನೆನೆಸಬೇಕು. ಪ್ಲಾಸ್ಟಿಕ್ ಆದರೆ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಹಸಿರು ಸ್ಕ್ರಬ್ಬರ್ ಹಾಕಿ ಗಸಗಸ ಉಜ್ಜಿದರೆ ಗೀರು ಬೀಳುತ್ತದೆ. ಒಂದೊಂದು ಗೀರೂ ಅವಕ್ಕೆ ಒಂದೊಂದು ಮನೆ. ಬ್ಲೀಚಿಂಗ್ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಕ್ರಿಮಿ ಸಾಯುತ್ತದೆ, ನಿಜ. ಆದರೆ ಸರಿಯಾಗಿ ಜಾಲಿಸದೆ ಒಂದು ಚೂರು ಉಳಿದರೂ ಮಾಲ್ಟ್‌ನ ಜೊತೆ ಸೇರಿ ಆಸ್ಪತ್ರೆಯ ಬ್ಯಾಂಡೇಜ್‌ನ ಥರ ರುಚಿ ಬರುತ್ತದೆ. ಸ್ಟೀಲ್ ಪಾತ್ರೆಯನ್ನೂ ತಿನ್ನುತ್ತದೆ. ಆಸಿಡ್ ಜೊತೆಯಂತೂ ಬ್ಲೀಚ್ ಬೆರೆಸಲೇಬಾರದು. ವಿಷಗಾಳಿ ಏಳುತ್ತದೆ, ಬಾತ್‌ರೂಮ್ ತೊಳೆಯುವವರೂ ಇದನ್ನು ನೆನಪಿಟ್ಟುಕೊಳ್ಳಬೇಕು.

ಇದನ್ನೆಲ್ಲ ಬರೆಯುವಾಗ ನನ್ನ ಅಜ್ಜಿಯ ಹಾಲಿನ ಪಾತ್ರೆ ಕಣ್ಣಮುಂದೆ ಬರುತ್ತದೆ. ಅದನ್ನು ಬೇರೆ ಪಾತ್ರೆಗಳ ಜೊತೆ ಹಾಕುತ್ತಿರಲಿಲ್ಲ. ಮೊದಲು ಒಲೆಯ ಬೂದಿಯಲ್ಲಿ ತಿಕ್ಕುತ್ತಿದ್ದರು. ಹಿತ್ತಾಳೆಯದಾದರೆ ಆಮೇಲೆ ಹುಣಸೆಹಣ್ಣು. ಕೊನೆಗೆ ಕುದಿನೀರು ಸುರಿದು ಬಿಸಿಲಿಗೆ ಬೋರಲು. ದೊಡ್ಡ ಬಿಯರ್ ಕಾರ್ಖಾನೆಗಳಲ್ಲೂ ಕ್ರಮ ಇದೇ. ಮೊದಲು ಜಿಡ್ಡು ಕರಗಿಸಲು ಕ್ಷಾರ, ಆಮೇಲೆ ಕಲ್ಲಿನಂತೆ ಕಟ್ಟುವ ಬಿಳಿ ಪೊರೆ ತೆಗೆಯಲು ಆಸಿಡ್, ಕೊನೆಗೆ ಸ್ಯಾನಿಟೈಸರ್. ಬೂದಿ ಕ್ಷಾರ, ಹುಣಸೆ ಆಸಿಡ್. ಆದರೆ ನನಗೆ ಈಗ ಜಾಸ್ತಿ ನೆನಪಾಗುವುದು ಬೂದಿಯೂ ಅಲ್ಲ, ಹುಣಸೆಯೂ ಅಲ್ಲ. ಅಜ್ಜಿ ಪಾತ್ರೆಯ ಕಂಠದ ಮಡಿಕೆಯೊಳಗೆ, ಅಂಚು ಹೊರಗೆ ಬಾಗಿರುತ್ತದಲ್ಲ, ಅದರ ಅಡಿಗೆ, ಬೆರಳು ತೂರಿಸಿ ಸುತ್ತಲೂ ಒಂದು ಸಲ ಎಳೆಯುತ್ತಿದ್ದರು. ಬೆರಳು ಜಾರಿದರೆ ಇನ್ನೊಂದು ಸಲ ಬೂದಿ. 'ಹೊಟ್ಟೆ ಯಾರು ಬೇಕಾದ್ರೂ ತೊಳೀತಾರೆ, ಕಂಠ ನೋಡು' ಅನ್ನುತ್ತಿದ್ದರು. ಆ ಬೆರಳನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ನನ್ನ ನಲ್ಲಿಯ ಹತ್ತಿರ ಅದು ನೆನಪಾಗಲಿಲ್ಲ.

ಹಾಗಂತ ಅಜ್ಜಿಯ ವಿಧಾನವನ್ನೇ ಇಟ್ಟುಕೊಂಡು ಬಿಯರ್ ಮಾಡಬಹುದು ಅಂತ ನಾನು ಹೇಳಲಾರೆ. ಹಾಲನ್ನು ಮತ್ತೆ ಮತ್ತೆ ಕಾಯಿಸುತ್ತಿದ್ದರು, ಆ ಹೊತ್ತಿಗೆ ಬೇಕಾದಷ್ಟನ್ನು ಕುಡಿದು ಮುಗಿಸುತ್ತಿದ್ದರು. ಬಿಯರ್ ಮೂರು ವಾರ ಕತ್ತಲಲ್ಲಿ ಕೂರಬೇಕು. ಬಾಟಲಿಯೊಳಗೆ ಹೋದ ಮೇಲೆ ಕಾಯಿಸುವ ಅವಕಾಶ ಇಲ್ಲ. ನೀರಿನದೂ ಒಂದು ಕಥೆ. ಪೋರ್ಟ್‌ಲ್ಯಾಂಡ್‌ನ ನಲ್ಲಿ ನೀರು ತುಂಬ ಮೆದು. ಸ್ಟಾರ್ ಸ್ಯಾನ್ ಬೆರೆಸಿದರೆ ದಿನಗಟ್ಟಲೆ ತಿಳಿಯಾಗಿರುತ್ತಿತ್ತು. ನಮ್ಮ ಬೋರ್‌ವೆಲ್ ನೀರಿಗೆ ಬೆರೆಸಿದರೆ ಮಜ್ಜಿಗೆ ನೀರಿನ ಥರ ಕದಡುತ್ತದೆ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಸುಣ್ಣ ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಆರ್‌ಒ ಫಿಲ್ಟರ್ ನೀರಲ್ಲಿ ಬೆರೆಸಬೇಕು.

ಬೈಯುವುದು ಸುಲಭ

ಬಿಯರ್ ಹುಳಿಯಾದಾಗ ಯಾರನ್ನಾದರೂ ಬೈಯಬೇಕು ಅನ್ನಿಸುವುದು ನನಗೊಬ್ಬನಿಗೇ ಅಲ್ಲ. ಶತಮಾನಗಟ್ಟಲೆ ಯುರೋಪಿನವರು ಹವಾಮಾನವನ್ನು ಬೈದರು, ಗುಡುಗನ್ನು ಬೈದರು, ಮಾಟ ಮಾಡಿದರು ಅಂತ ನೆರೆಯ ಹೆಂಗಸರನ್ನು ಬೈದರು. 1870ರ ದಶಕದಲ್ಲಿ ಫ್ರಾನ್ಸ್‌ನ ವಿಜ್ಞಾನಿ ಲೂಯಿ ಪಾಶ್ಚರ್ ಕೆಟ್ಟ ಬಿಯರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಯೀಸ್ಟ್‌ನ ದುಂಡು ಕಣಗಳ ನಡುವೆ ಬೇರೆ ಆಕಾರದವು, ಕಡ್ಡಿಯಂಥವು ಕಂಡವು. ಬಿಯರ್‌ನ ಕಾಯಿಲೆಗೆ ಅವೇ ಕಾರಣ ಅಂದರು. 1883ರಲ್ಲಿ ಡೆನ್ಮಾರ್ಕ್‌ನ ದೊಡ್ಡ ಬಿಯರ್ ಕಾರ್ಖಾನೆ ಕಾರ್ಲ್ಸ್‌ಬರ್ಗ್‌ನಲ್ಲೇ ಬಿಯರ್ ಕೆಡತೊಡಗಿತು. ಅಲ್ಲಿನ ಪ್ರಯೋಗಾಲಯದಲ್ಲಿದ್ದ ಎಮಿಲ್ ಹಾನ್ಸೆನ್ ಹುಡುಕುತ್ತಾ ಹೋದರೆ ತಪ್ಪು ಸಿಕ್ಕಿದ್ದು ಯಾರೂ ಸಂಶಯಪಡದ ಕಡೆ. ತಾವೇ ಹಾಕುತ್ತಿದ್ದ ಯೀಸ್ಟ್‌ನಲ್ಲಿ ಕಾಡು ಯೀಸ್ಟ್ ಬೆರೆತುಹೋಗಿತ್ತು. ಒಂದೇ ಒಂದು ಕಣದಿಂದ ಶುದ್ಧ ಯೀಸ್ಟ್ ಬೆಳೆಸುವ ವಿಧಾನ ಹುಟ್ಟಿದ್ದು ಆಗ. ಈ ಕಥೆ ನನಗೆ ಪೋರ್ಟ್‌ಲ್ಯಾಂಡ್‌ನಲ್ಲಿದ್ದಾಗಲೇ ಗೊತ್ತಿತ್ತು. ರೂಮ್‌ಮೇಟ್‌ಗೆ ಹೇಳಿದ್ದೂ ನಾನೇ.

ಆ ಸಂಕ್ರಾಂತಿಯ ಬಿಯರ್‌ಗೆ ಮುಂಚೆಯೇ ಸೂಚನೆ ಇತ್ತು, ಈಗ ಯೋಚಿಸಿದರೆ. ಅದರ ಹಿಂದಿನ ಎರಡು ಸಲವೂ ಮೊದಲ ತಿಂಗಳು ಚೆನ್ನಾಗಿದ್ದು, ಪೆಟ್ಟಿಗೆಯ ಕೊನೆಯ ಬಾಟಲಿಗಳು ಚೂರು ಹುಳಿ ಹೊಡೆಯುತ್ತಿದ್ದವು. ಜಾಸ್ತಿ ದಿನ ಇಟ್ಟೆವು ಅದಕ್ಕೇ ಅಂದುಕೊಂಡೆ. ನಲ್ಲಿಯೊಳಗಿನ ಗೂಡು ಒಂದೊಂದು ಸಲಕ್ಕೂ ಬೆಳೆಯುತ್ತಿತ್ತು. ಪೈಪ್ ಆಗಿದ್ದರೆ ಹಾಗೆ ಬೆಳೆಯುತ್ತಿರಲಿಲ್ಲ. ಪೈಪ್ ಆರ್‌ಪಾರು ಕಾಣುವಂಥದ್ದು, ಮೂರು ತಿಂಗಳಿಗೊಮ್ಮೆ ಹೊಸದು ತರುತ್ತಿದ್ದೆವು. ಇದನ್ನು ಅವತ್ತೇ ಕೂತು ಲೆಕ್ಕ ಹಾಕಬಹುದಿತ್ತು. ಹಾಕಲಿಲ್ಲ.

ಆಲೆಮನೆ

ಹಬ್ಬ ಮುಗಿದ ಭಾನುವಾರ ಫೋನ್ ಮಾಡದೆ ಹೊರಟುಬಿಟ್ಟೆ. ಫೋನ್‌ನಲ್ಲಿ ಹೇಳುವಂಥದ್ದಲ್ಲ ಅನ್ನಿಸಿತು. ನಲ್ಲಿಯ ಎರಡು ತುಂಡನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಕೊಂಡಿದ್ದೆ. ಪೊರೆಯನ್ನು ತೊಳೆದಿರಲಿಲ್ಲ. ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ರಸ್ತೆಗೆ ತಿರುಗಿದರೆ ನಾಲೆ ಪಕ್ಕದಲ್ಲೇ ಬೆಲ್ಲದ ಘಮ ಶುರುವಾಗುತ್ತದೆ. ನಾನು ಹೋದಾಗ ಸಂಜೆ ಆರು ದಾಟಿತ್ತು. ಆ ದಿನದ ಕೊನೆಯ ಕೊಪ್ಪರಿಗೆ ಇಳಿದಿತ್ತು. ಅಚ್ಚಿನ ಮಣೆಗಳಲ್ಲಿ ಬೆಲ್ಲ ಆರುತ್ತಿತ್ತು. ಅವನು ಗಾಣದ ಕೆಳಗೆ ಕುಕ್ಕರಗಾಲಲ್ಲಿ ಕೂತು ಕಬ್ಬಿನ ಹಾಲು ಬೀಳುವ ತಗಡಿನ ತಟ್ಟೆಯನ್ನು ಹೊರಗೆ ಎಳೆಯುತ್ತಿದ್ದ. ನನ್ನನ್ನು ನೋಡಿ ಒಂದು ಕ್ಷಣ ಸುಮ್ಮನಾದ. ಆಮೇಲೆ, 'ಬಾರೋ. ಅಲ್ಲಿ ಬಕೆಟ್ ಇದೆ, ನೀರು ಹಾಕು' ಅಂದ.

ಗಾಣದ ಉರುಳೆಗಳ ನಡುವೆ ಕಡ್ಡಿ ಹಾಕಿ ಸಿಪ್ಪೆಯ ನಾರು ಒಂದೊಂದೇ ಎಳೆದು ತೆಗೆದ. ಬ್ರಷ್ ಹಾಕಿ ತಿಕ್ಕಿದ. ನಾನು ಬಿಸಿನೀರು ಸುರಿಯುತ್ತಾ ಹೋದೆ. ತಗಡಿನ ತಟ್ಟೆಯ ಮೂಲೆಗಳಿಗೆ ಬೆರಳು ಹಾಕಿ ನೋಡಿ, ಜಾರಿದ ಕಡೆ ಮತ್ತೆ ತಿಕ್ಕಿದ. ಮಾತಿಲ್ಲದೆ ಅರ್ಧ ಗಂಟೆ ಇದೇ ನಡೆಯಿತು. ದಿನಾ ಇಷ್ಟು ಮಾಡ್ತೀಯಾ ಅಂತ ಕೇಳಿದೆ. 'ಮಾಡ್ದೆ ಹೆಂಗಾಯ್ತದೆ? ರಾತ್ರಿ ಉಳಿದ ಹಾಲು ಲೋಳೆ ಕಟ್ತದೆ. ಬೆಳಿಗ್ಗೆ ಅದರ ಮೇಲೆ ಹೊಸ ಹಾಲು ಬಿದ್ರೆ ಪಾಕ ಕೂರಲ್ಲ, ಬೆಲ್ಲ ಜಿನುಗ್ತದೆ' ಅಂದ. ಅವನು ಹೇಳಿದ ಲೋಳೆಗೂ ಒಂದು ಹೆಸರಿದೆ, ಲ್ಯೂಕೊನಾಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಕಬ್ಬಿನ ಸಕ್ಕರೆಯಿಂದ ಮಾಡುವ ಅಂಟು ಅದು. ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ ಇದೇ ಬ್ಯಾಕ್ಟೀರಿಯಾ. ಹಿಟ್ಟಿನಲ್ಲಿ ಬೇಕಾದದ್ದು, ಕಬ್ಬಿನ ಹಾಲಿನಲ್ಲಿ ಬೇಡವಾದದ್ದು. ಹಾಲು ಹುಳಿ ತಿರುಗಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಆಗ ಬೆಲ್ಲ ಗಟ್ಟಿಯಾಗುವುದಿಲ್ಲ. ಇದನ್ನೆಲ್ಲ ಅವನಿಗೆ ಹೇಳಲು ಹೋಗಲಿಲ್ಲ. ಅವನ ಬೆರಳಿಗೆ ಗೊತ್ತಿತ್ತು.

ಕೈ ತೊಳೆದು ಕಟ್ಟೆಯ ಮೇಲೆ ಕೂತಾಗ ಕವರ್ ಬಿಚ್ಚಿ ನಲ್ಲಿಯನ್ನು ಅವನ ಕೈಗೆ ಕೊಟ್ಟೆ. 'ಅವತ್ತು ಪೈಪ್ ಅಲ್ಲ ಕಣೋ. ಇದು. ನಾನು ತೊಳೆದಿದ್ದು' ಅಂದೆ.

ಬಲ್ಬಿನ ಬೆಳಕಿಗೆ ಹಿಡಿದು ನೋಡಿದ. ಒಳಗಿನ ಕೊಳವೆಯನ್ನು ಹೊರಗಿನದಕ್ಕೆ ತೂರಿಸಿದ, ತಿರುಗಿಸಿದ, ಮತ್ತೆ ತೆಗೆದ. ಕಂದು ಪೊರೆಯನ್ನು ಹೆಬ್ಬೆರಳಲ್ಲಿ ಉಜ್ಜಿ ಮೂಸಿದ. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಆ ಪೈಪ್‌ನ ಮೂರು ಸಲ ತೊಳೆದಿದ್ದೆ ಕಣ್ಲಾ ಅವತ್ತು' ಅಂದ. ಇಷ್ಟು ವರ್ಷ ಅವನೂ ಅದನ್ನು ಮರೆತಿರಲಿಲ್ಲ. ಆಲೆಮನೆ ಅಂತ ನಾನು ಆಡಿದ ಮಾತಿಗೆ ತಪ್ಪಾಯ್ತು ಅಂದೆ. ಅವನು ತಲೆ ಆಡಿಸಿದ, ಹೌದು ಅಂತಲೋ, ಬಿಡು ಅಂತಲೋ ಗೊತ್ತಾಗಲಿಲ್ಲ. ಕಣ್ಣು ಇನ್ನೂ ನಲ್ಲಿಯ ಮೇಲೇ ಇತ್ತು.

ಇದ್ದಕ್ಕಿದ್ದ ಹಾಗೆ ಎದ್ದ. ಗಾಣದ ಪಕ್ಕ, ಹಾಲು ಶೇಖರಿಸುವ ನೀಲಿ ಡ್ರಮ್ ಹತ್ತಿರ ಹೋಗಿ ಕೂತ. ಅದರ ಬುಡದಲ್ಲೊಂದು ಬಾಲ್ ವಾಲ್ವ್, ಒಳಗೆ ತೂತಿರುವ ಗುಂಡೊಂದು ತಿರುಗಿ ತೆರೆಯುವ ನಲ್ಲಿ. ಕೈಹಿಡಿಯನ್ನು ಎರಡು ಸಲ ಆಡಿಸಿದ. 'ಸೀಸನ್ ಶುರುವಾದಾಗಿಂದ ಇದನ್ನ ಬಿಚ್ಚಿಲ್ಲ. ನೀರು ಬಿಟ್ಟು ತೊಳೀತೀವಿ ಅಷ್ಟೇ' ಅಂದ. ಸ್ಪ್ಯಾನರ್ ತಂದ. ನಾನು ಡ್ರಮ್ ಹಿಡಿದುಕೊಂಡೆ. ಎರಡು ಸುತ್ತು ಬಿಗಿಯಾಗಿತ್ತು, ಮೂರನೆಯದಕ್ಕೆ ಸಡಿಲವಾಯಿತು. ವಾಲ್ವ್ ಕೈಗೆ ಬಂದ ಮೇಲೆ ಗುಂಡನ್ನು ಅರ್ಧಕ್ಕೆ ತಿರುಗಿಸಿ ಸಂದಿಗೆ ಕಿರುಬೆರಳು ತೂರಿಸಿದ. ಹೊರಗೆ ಎಳೆದಾಗ ಬೆರಳ ತುದಿಯಿಂದ ವಾಲ್ವ್‌ವರೆಗೂ ಒಂದು ಲೋಳೆಯ ಎಳೆ ಉದ್ದಕ್ಕೆ ಜಗ್ಗಿಕೊಂಡು ಬಂತು. ಬಲ್ಬಿನ ಬೆಳಕಿಗೆ ಹೊಳೆಯುತ್ತಿತ್ತು.

'ಅಪ್ಪಾ, ಒಂಚೂರು ಬನ್ನಿ ಇಲ್ಲಿ' ಅಂತ ಕೂಗಿದ. ನನ್ನ ಕಡೆ ತಿರುಗಿ, 'ಒಲೇಲಿ ಇನ್ನೂ ಕೆಂಡ ಇದೆ. ಆ ಪಾತ್ರೇಲಿ ನೀರಿಡು ಕಣ್ಲಾ' ಅಂದ.